ಎರಡು ಸಲ 5-7: ಫ್ಲಾರಿಡಾ ಸ್ಟೇಟ್ ತಂಡ ನಿಜವಾಗಿ ಏಳುತ್ತಿದೆಯಾ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿದ್ದೇವೆ. ಮಗ ಟ್ಯಾಲಹ್ಯಾಸಿಯ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ ಓದುತ್ತಿದ್ದಾನೆ. ಅವನು ಸೇರಿದ 2024ರಲ್ಲಿ ಅವರ ಅಮೆರಿಕನ್ ಫುಟ್‌ಬಾಲ್ ತಂಡ 12 ಪಂದ್ಯದಲ್ಲಿ ಗೆದ್ದಿದ್ದು ಎರಡು. ಈ ವರ್ಷ, 2025ರಲ್ಲಿ, ಐದು. "ಅಮ್ಮಾ, ಟೀಮ್ ಎದ್ದು ನಿಂತಿದೆ, ಅಲಬಾಮಾನೇ ಸೋಲಿಸಿದ್ವಿ" ಅಂತ ಮಗ ಕುಣಿಯುತ್ತಾನೆ. "ಕೋಚ್‌ನ ಮನೆಗೆ ಕಳಿಸೋವರೆಗೂ ಇದು ಇಷ್ಟೇ" ಅಂತ ನಮ್ಮ ಮನೆಯವರು. ನಾನು ಟಿವಿಯಲ್ಲಿ ವರ್ಜೀನಿಯಾ, ಸ್ಟ್ಯಾನ್‌ಫರ್ಡ್, ಕ್ಲೆಮ್‌ಸನ್ ಪಂದ್ಯ ನೋಡಿದೆ. ನವೆಂಬರ್ ಕೊನೆಗೆ ಪಕ್ಕದ ಮನೆಯವರ ಜೊತೆ ಫ್ಲಾರಿಡಾ ಯೂನಿವರ್ಸಿಟಿಯ ಊರಾದ ಗೇನ್ಸ್‌ವಿಲ್‌ಗೂ ಹೋಗಿ ಬಂದೆ. ನಾಲ್ಕಕ್ಕೆ ನಾಲ್ಕೂ ಸೋಲು. ನಾನೇ ಅಪಶಕುನ ಅಂತ ಮಗ ರೇಗಿಸುತ್ತಾನೆ. ಈಗ ಮುಂದಿನ ವರ್ಷಕ್ಕೆ ಸೀಸನ್ ಟಿಕೆಟ್ ತೆಗೆದುಕೊಳ್ಳೋಣ ಅಂತ ಅವನ ಹಠ. ಈ ತಂಡ ನಿಜವಾಗಿ ಸುಧಾರಿಸುತ್ತಿದೆಯಾ, ಇಲ್ಲ ಒಂದು ದೊಡ್ಡ ಗೆಲುವು ನೋಡಿ ನಾವು ಸುಮ್ನೆ ಮೋಸ ಹೋಗುತ್ತಿದ್ದೀವಾ?

ಉತ್ತರ: ಮೊದಲು ಅಪಶಕುನದ ವಿಚಾರ ಮುಗಿಸಿಬಿಡೋಣ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ನೀವು ನೋಡಿದ ನಾಲ್ಕು ಪಂದ್ಯಗಳ ಹೆಸರು ಓದಿದ ತಕ್ಷಣ ನನಗೆ ನಗು ಬಂತು. ನಾಲ್ಕೂ ಹೊರಗಿನ ಪಂದ್ಯಗಳು. ಈ ವರ್ಷ ಫ್ಲಾರಿಡಾ ಸ್ಟೇಟ್ ಬೇರೆ ಊರಿಗೆ ಹೋಗಿ ಆಡಿದ್ದು ಐದು ಸಲ. ನೀವು ಹೇಳಿದ ನಾಲ್ಕು, ಜೊತೆಗೆ ನಾರ್ತ್ ಕ್ಯಾರೊಲಿನಾ ಸ್ಟೇಟ್. ಐದೂ ಸೋತರು. ಟ್ಯಾಲಹ್ಯಾಸಿಯ ಡೋಕ್ ಕ್ಯಾಂಬೆಲ್ ಸ್ಟೇಡಿಯಂನಲ್ಲಿ ಆಡಿದ್ದು ಏಳು. ಅದರಲ್ಲಿ ಐದು ಗೆದ್ದರು. ಮಗರಾಯ ವಿದ್ಯಾರ್ಥಿಗಳ ಗ್ಯಾಲರಿಯಲ್ಲಿ ಕೂತು ನೋಡಿದ್ದು ಈ ಏಳನ್ನು. ಅಂದರೆ ಅವನ ಕಣ್ಣಿಗೆ ಬಿದ್ದದ್ದು ಏಳರಲ್ಲಿ ಐದು ಗೆದ್ದ ತಂಡ. ನಿಮ್ಮ ಕಣ್ಣಿಗೆ ಬಿದ್ದದ್ದು ಒಂದೂ ಗೆಲ್ಲದ ತಂಡ. ಇಬ್ಬರೂ ನಿಜಾನೇ ಹೇಳುತ್ತಿದ್ದೀರಿ. 2024ರಲ್ಲೂ ಅವರು ಹೊರಗೆ ಒಂದೂ ಗೆದ್ದಿರಲಿಲ್ಲ. ಆ ಋತುವಿನ ಮೊದಲ ಪಂದ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿತ್ತು. ಜಾರ್ಜಿಯಾ ಟೆಕ್ ವಿರುದ್ಧ 24-21ರಿಂದ ಸೋತರು. ಸೋಲಿನ ಸರಣಿ ಶುರುವಾಗಿದ್ದೇ ಅಲ್ಲಿ.

ನಾನು ಹದಿನಾಲ್ಕು ವರ್ಷದಿಂದ ಅಮೆರಿಕದ ಕಾಲೇಜು ತಂಡಗಳಿಗೆ ಪಂದ್ಯದ ವಿಡಿಯೊ ಬಿಡಿಸಿ ಕೊಡುವ ಕೆಲಸ ಮಾಡುತ್ತಿದ್ದೇನೆ. ಋತು ಮುಗಿದ ಮೇಲೆ ನಾವು ಮಾಡುವ ಮೊದಲ ಕೆಲಸ, ಒಟ್ಟು ಅಂಕಿಯನ್ನು ಒಡೆದು ಹರಡುವುದು. ಎಲ್ಲಿ ಗೆದ್ದರು, ಯಾರ ಮೇಲೆ ಗೆದ್ದರು, ಯಾವಾಗ ಗೆದ್ದರು, ಎಷ್ಟರಲ್ಲಿ ಸೋತರು. 5-7, ಅಂದರೆ ಐದು ಗೆಲುವು ಏಳು ಸೋಲು, ಅನ್ನೋದು ಮಾರ್ಕ್ಸ್ ಕಾರ್ಡಿನ ಒಟ್ಟು ಅಂಕ ಇದ್ದ ಹಾಗೆ. ಯಾವ ವಿಷಯದಲ್ಲಿ ಫೇಲ್ ಅಂತ ಅದು ಹೇಳುವುದಿಲ್ಲ.

ಮಗನ ವಾದದಲ್ಲಿ ಹುರುಳಿಲ್ಲ ಅಂತಲ್ಲ. 2024ರಲ್ಲಿ ಈ ತಂಡ ಪಂದ್ಯಕ್ಕೆ ಸರಾಸರಿ 15.4 ಅಂಕ ಹೊಡೆದಿತ್ತು. ಚಾರ್ಲ್‌ಸ್ಟನ್ ಸದರ್ನ್ ಅನ್ನುವ ಚಿಕ್ಕ ತಂಡವನ್ನು ಬಿಟ್ಟರೆ ಇಡೀ ವರ್ಷ ಯಾರ ಮೇಲೂ 21 ದಾಟಲಿಲ್ಲ. ನೋಟರ್ ಡೇಮ್ ಇವರನ್ನು 52-3ರಿಂದ ಮಲಗಿಸಿತು. 2025ರಲ್ಲಿ ಸರಾಸರಿ 33ಕ್ಕೆ ಹೋಯಿತು. ದುಪ್ಪಟ್ಟಿಗಿಂತ ಜಾಸ್ತಿ! ಬಿಟ್ಟುಕೊಟ್ಟ ಅಂಕ 28ರಿಂದ 22ಕ್ಕೆ ಇಳಿಯಿತು. ಇಷ್ಟು ನೋಡಿದವರು ತಂಡ ಎದ್ದಿದೆ ಅಂತಲೇ ಹೇಳುತ್ತಾರೆ.

ಈಗ ಅದನ್ನೇ ಸ್ವಲ್ಪ ಕೆದಕೋಣ. 2025ರ ಆ 33ರಲ್ಲಿ ಎರಡು ಪಂದ್ಯಗಳ ಪಾಲು ವಿಪರೀತ. ಈಸ್ಟ್ ಟೆಕ್ಸಸ್ ಎ ಆಂಡ್ ಎಂ ಮೇಲೆ 77-3, ಕೆಂಟ್ ಸ್ಟೇಟ್ ಮೇಲೆ 66-10. ದೊಡ್ಡ ಕಾಲೇಜುಗಳು ಪ್ರತಿ ವರ್ಷ ಇಂಥ ಒಂದೆರಡು ತಂಡಗಳಿಗೆ ದುಡ್ಡು ಕೊಟ್ಟು ಕರೆಸಿ ಆಡಿಸುತ್ತವೆ. ಅದು ಪಂದ್ಯಕ್ಕಿಂತ ಜಾಸ್ತಿ ಹಬ್ಬ. ಈ ಎರಡನ್ನು ಪಕ್ಕಕ್ಕಿಟ್ಟರೆ ಉಳಿದ ಹತ್ತು ಪಂದ್ಯಗಳಲ್ಲಿ ಇವರು ಹೊಡೆದದ್ದು 253 ಅಂಕ, ಬಿಟ್ಟುಕೊಟ್ಟದ್ದು 251. ಹತ್ತು ಪಂದ್ಯಕ್ಕೆ ಸೇರಿ ಎರಡೇ ಅಂಕದ ಲಾಭ. ತಕ್ಕಡಿ ನೆಟ್ಟಗೆ ನಿಂತಿದೆ. ಇಂಥ ತಂಡ ಲೆಕ್ಕದ ಪ್ರಕಾರ ಆ ಹತ್ತರಲ್ಲಿ ಐದು ಗೆದ್ದು ಐದು ಸೋಲಬೇಕು. ಇವರು ಮೂರು ಗೆದ್ದು ಏಳು ಸೋತರು.

ಯಾಕೆ ಹಾಗಾಯ್ತು? ಗೆದ್ದಾಗ ದೊಡ್ಡದಾಗಿ ಗೆದ್ದರು, ಸೋತಾಗ ಹೆಚ್ಚಾಗಿ ಕೂದಲೆಳೆಯಲ್ಲಿ ಸೋತರು. ವರ್ಜೀನಿಯಾ ಎದುರು ಎರಡು ಸಲ ಹೆಚ್ಚುವರಿ ಆಟ ಆಡಿ 46-38. ಮಯಾಮಿ ಎದುರು 28-22. ಪಿಟ್ಸ್‌ಬರ್ಗ್ ಎದುರು 34-31. ಸ್ಟ್ಯಾನ್‌ಫರ್ಡ್ ಎದುರು 20-13. ನಾಲ್ಕೂ ಒಂದೇ ಒಂದು ಟಚ್‌ಡೌನ್ (ಬಾಲ್ ಹಿಡಿದು ಎದುರಾಳಿಯ ಕೊನೆಗೆರೆ ದಾಟುವುದು) ದೂರದ ಸೋಲು. ಈ ಆಟದಲ್ಲಿ ಎಂಟು ಅಂಕದೊಳಗಿನ ಅಂತರವನ್ನು ನಾವು 'ಒಂದು ಸಲದ ಪಂದ್ಯ' ಅನ್ನುತ್ತೇವೆ, ಯಾಕೆಂದರೆ ಒಂದು ಸಲ ಬಾಲ್ ಕೈಗೆ ಸಿಕ್ಕಿದರೆ ಸಾಕು, ಸಮ ಮಾಡಬಹುದು. ಅಂಥ ಪಂದ್ಯಗಳಲ್ಲಿ ಇವರ ದಾಖಲೆ 0-4.

ಇಲ್ಲಿ ಒಂದು ತಪ್ಪು ನಂಬಿಕೆ ಬಹಳ ಜನರಿಗಿದೆ. 'ಹತ್ತಿರದ ಸೋಲು ಬರೀ ದುರದೃಷ್ಟ, ಮುಂದಿನ ವರ್ಷ ತಾನಾಗಿ ಸರಿಹೋಗುತ್ತೆ' ಅಂತ. ಸ್ವಲ್ಪ ನಿಜ. ಕೆಳಗೆ ಬಿದ್ದ ಬಾಲ್ ಯಾರ ಕೈಗೆ ಸಿಗುತ್ತದೆ ಅನ್ನೋದು ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೇ. ಮೊಟ್ಟೆ ಆಕಾರದ ಬಾಲ್ ಅದು, ಎತ್ತ ಪುಟಿಯುತ್ತೆ ಅಂತ ದೇವರಿಗೂ ಗೊತ್ತಿಲ್ಲ. ಆದರೆ 2021ರ ನೆಬ್ರಾಸ್ಕಾ ತಂಡ ನೆನಪಿಸಿಕೊಳ್ಳಿ. ಆ ವರ್ಷ ಅವರು 3-9. ಒಂಬತ್ತು ಸೋಲಿನಲ್ಲಿ ಒಂದೂ ಎರಡಂಕಿ ಅಂತರದ್ದಲ್ಲ. ವರ್ಷವಿಡೀ ಹೊಡೆದ ಅಂಕ ಬಿಟ್ಟುಕೊಟ್ಟದ್ದಕ್ಕಿಂತ ಜಾಸ್ತಿಯೇ ಇತ್ತು. ಮುಂದಿನ ವರ್ಷ ಇವರದ್ದೇ ಅಂತ ಎಲ್ಲರೂ ಅಂದರು. ನಮ್ಮ ಆಫೀಸಿನಲ್ಲಿ ನಾನೂ ಅಂದಿದ್ದೆ. 2022ರಲ್ಲಿ ಅವರು 4-8 ಆದರು, ಋತುವಿನ ನಡುವೆಯೇ ಕೋಚ್ ಕೆಲಸ ಹೋಯಿತು. ಹತ್ತಿರದ ಸೋಲು ಪದೇಪದೇ ಆದರೆ ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಒದೆಯುವವನು ಸರಿ ಇಲ್ಲ, ಕೊನೆಯ ಎರಡು ನಿಮಿಷಕ್ಕೆ ಅಭ್ಯಾಸ ಇಲ್ಲ, ಗದ್ದಲದಲ್ಲಿ ಮಾತು ಕೇಳಿಸದೆ ಮುಂದಿನ ಸಾಲಿನ ಲೈನ್‌ನವರು ಮುಂಚೆಯೇ ಅಲ್ಲಾಡಿ ದಂಡ ತೆರುತ್ತಾರೆ, ಇಂಥದ್ದು.

ಈ ಕೊನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊರಗಿನ ಸೋಲಿಗೂ ಅದಕ್ಕೂ ನಂಟಿದೆ. ಕ್ವಾರ್ಟರ್‌ಬ್ಯಾಕ್, ಅಂದರೆ ಆಟ ನಡೆಸುವ, ಬಾಲ್ ಎಸೆಯುವ ಆಟಗಾರ, ಬಾಲ್ ಕೇಳುವಾಗ ಕೂಗುವ ಸಂಕೇತಕ್ಕೆ ಮುಂದಿನ ಸಾಲಿನ ಐದು ಜನ ಒಟ್ಟಿಗೆ ಏಳಬೇಕು. ಸ್ವಂತ ಸ್ಟೇಡಿಯಂನಲ್ಲಿ ತಮ್ಮವರು ಬಾಲ್ ಹಿಡಿದಾಗ ಜನ ಸುಮ್ಮನಿರುತ್ತಾರೆ. ಬೇರೆಯವರ ಊರಿನಲ್ಲಿ ಎಪ್ಪತ್ತು ಎಂಬತ್ತು ಸಾವಿರ ಜನ ಕಿವಿಯಲ್ಲಿ ತಗಡು ಬಡಿದ ಹಾಗೆ ಕಿರುಚುತ್ತಾರೆ. ಆಗ ಕೂಗು ಕೇಳಿಸುವುದಿಲ್ಲ. ಕೈಸನ್ನೆ, ಕಾಲೆತ್ತುವುದು, ಪಕ್ಕದವನ ಚಲನೆ ನೋಡಿ ಏಳಬೇಕು. ವರ್ಷಗಟ್ಟಲೆ ಜೊತೆಗೆ ಆಡಿದವರಿಗೆ ಅದು ಬರುತ್ತದೆ. ಆರು ತಿಂಗಳ ಹಿಂದೆ ಪರಿಚಯವಾದವರಿಗೆ ಬರುವುದಿಲ್ಲ. ಅರ್ಧ ಸೆಕೆಂಡು ತಡವಾದರೆ ಎದುರಿನವನು ಒಳಗೆ ನುಗ್ಗಿರುತ್ತಾನೆ. ಹಾಗಾಗಿ ಒಂದು ತಂಡ ಮನೆಯಲ್ಲಿ ಹುಲಿ, ಹೊರಗೆ ಇಲಿ ಆಗಿದ್ದರೆ ನಾನು ಮೊದಲು ನೋಡುವುದು ಆ ಐದು ಜನರನ್ನೇ. ಎಷ್ಟು ದಿನದಿಂದ ಒಟ್ಟಿಗಿದ್ದಾರೆ ಅಂತ.

ನೀವು ನೋಡಿದ ಗೇನ್ಸ್‌ವಿಲ್ ಪಂದ್ಯ ಈ ಹತ್ತಿರದ ಸೋಲಿನ ಲೆಕ್ಕಕ್ಕೆ ಬರುವುದಿಲ್ಲ. 40-21, ಹತ್ತೊಂಬತ್ತು ಅಂಕದ ಸೋಲು. ಅದೂ ಯಾರ ಕೈಯಲ್ಲಿ? ಆ ಪಂದ್ಯಕ್ಕೆ ಮುಂಚೆ ಫ್ಲಾರಿಡಾ ಯೂನಿವರ್ಸಿಟಿಯವರು ಗೆದ್ದಿದ್ದು ಮೂರೇ, ಅಕ್ಟೋಬರಿನಲ್ಲೇ ತಮ್ಮ ಕೋಚ್‌ನ್ನು ತೆಗೆದು ಹಂಗಾಮಿಯವರನ್ನು ಇಟ್ಟುಕೊಂಡು ಆಡುತ್ತಿದ್ದರು. ಅಲಬಾಮಾ ಗೆಲುವಿಗೆ ಎಷ್ಟು ತೂಕ ಕೊಡುತ್ತೀರೋ ಈ ಸೋಲಿಗೂ ಅಷ್ಟೇ ಕೊಡಬೇಕು. ಆಗಸ್ಟ್ 30ರ ಆ ಗೆಲುವು ಕಾಕತಾಳೀಯ ಅಲ್ಲ, 31-17 ಅಂತ ಒಪ್ಪವಾಗಿ ಗೆದ್ದರು, ಅಲಬಾಮಾ ಮುಂದೆ ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್‌ಗೂ ಹೋಯಿತು. ಆದರೆ ಮೊದಲ ಪಂದ್ಯದಲ್ಲಿ ಒಂದು ಅನುಕೂಲ ಇದೆ. ಹೊಸ ಆಟಗಾರರು, ಹೊಸ ಯೋಜನೆ, ಎದುರಾಳಿಗೆ ನೋಡಿ ತಯಾರಾಗಲು ವಿಡಿಯೊನೇ ಇಲ್ಲ. ನಾಲ್ಕು ವಾರ ಕಳೆದರೆ ನನ್ನಂಥವರು ಇಪ್ಪತ್ತು ಕಾಲೇಜುಗಳಲ್ಲಿ ಕೂತು ಪ್ರತಿ ಆಟವನ್ನೂ ಬಿಚ್ಚಿಟ್ಟಿರುತ್ತೇವೆ. ಮೊದಲ ಮೂರೂ ಗೆದ್ದ ಈ ತಂಡ ಆಮೇಲಿನ ಒಂಬತ್ತರಲ್ಲಿ ಗೆದ್ದದ್ದು ಎರಡು.

ಇನ್ನು ಶೀರ್ಷಿಕೆಯ ವಿಚಾರ. ಇದೇ ಕೋಚ್ ಮೈಕ್ ನಾರ್ವೆಲ್ 2021ರಲ್ಲೂ 5-7 ಮಾಡಿದ್ದರು. ಆ ವರ್ಷ ಮೊದಲ ನಾಲ್ಕೂ ಸೋತರು. ಜ್ಯಾಕ್ಸನ್‌ವಿಲ್ ಸ್ಟೇಟ್ ಎಂಬ ಕೆಳ ವಿಭಾಗದ ತಂಡ ಕೊನೆಯ ಎಸೆತದಲ್ಲಿ ಇವರನ್ನು ಸೋಲಿಸಿದ್ದು ಆಗಲೇ. (ಅದು ಅಲಬಾಮಾ ರಾಜ್ಯದ ಜ್ಯಾಕ್ಸನ್‌ವಿಲ್, ನಿಮ್ಮೂರಲ್ಲ, ಗಾಬರಿ ಬೇಡ.) ಅಲ್ಲಿಂದ ಮುಂದಿನ ಎಂಟರಲ್ಲಿ ಐದು ಗೆದ್ದರು. ಸಿರಾಕ್ಯೂಸ್ ಮೇಲೆ ಮೂರು ಅಂಕದಿಂದ, ಮಯಾಮಿ ಮೇಲೆ ಮೂರು ಅಂಕದಿಂದ, ಬಾಸ್ಟನ್ ಕಾಲೇಜ್ ಮೇಲೆ ಮೂರು ಅಂಕದಿಂದ. ಬಾಸ್ಟನ್ ಗೆಲುವು ಹೊರಗಿನದು, ನಾರ್ತ್ ಕ್ಯಾರೊಲಿನಾ ಮೇಲಿನದ್ದೂ ಹೊರಗಿನದು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರ್ಯಾವಿಸ್ ಮುಂದಿನ ಎರಡು ವರ್ಷ ಉಳಿಯುವವನಿದ್ದ. ಆ 5-7 ನೋಡಿ ಬೈದವರೇ ಜಾಸ್ತಿ. ಆದರೆ 2022ರಲ್ಲಿ 10-3, 2023ರಲ್ಲಿ 13-1.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಅಂದು ಋತು ಹೋಗುತ್ತಾ ಹೋಗುತ್ತಾ ಗಟ್ಟಿಯಾದ ತಂಡ. ಇಂದು ಶುರುವಿನಲ್ಲಿ ಉರಿದು ಆಮೇಲೆ ಆರಿದ ತಂಡ. ಅಂದು ಹೊರಗೆ ಗೆಲ್ಲುತ್ತಿದ್ದರು, ಹತ್ತಿರದ ಪಂದ್ಯ ಗೆಲ್ಲುತ್ತಿದ್ದರು. ಇಂದು ಎರಡೂ ಇಲ್ಲ. ಅಂದಿನ ಕ್ವಾರ್ಟರ್‌ಬ್ಯಾಕ್ ಉಳಿದ. ಈ ಸಲದ ಥಾಮಸ್ ಕಾಸ್ಟೆಯಾನೋಸ್‌ನ ಕಾಲೇಜು ವರ್ಷಗಳು ತೀರುತ್ತಾ ಬಂದಿವೆ. ನನ್ನ ಅಭಿಪ್ರಾಯ ಕೇಳಿದರೆ, 2024ಕ್ಕಿಂತ ಈ ತಂಡ ಖಂಡಿತ ಮೇಲು. ಆದರೆ ಏಳುತ್ತಿರುವ ತಂಡ ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ. ಬಿದ್ದ ಜಾಗದಿಂದ ಮೊಣಕಾಲಿಗೆ ಬಂದಿದೆ, ಅಷ್ಟೇ.

ಬಿದ್ದದ್ದಾದರೂ ಯಾಕೆ ಅನ್ನೋದು ಇದಕ್ಕಿಂತ ಮುಖ್ಯ. 2023ರಲ್ಲಿ ಪೂರ್ತಿ ಅಜೇಯವಾಗಿ ತಮ್ಮ ಕಾನ್ಫರೆನ್ಸಿನ, ಅಂದರೆ ತಮ್ಮ ಕಾಲೇಜುಗಳ ಗುಂಪಿನ, ಚಾಂಪಿಯನ್ ಆದ ತಂಡ ಒಂದೇ ವರ್ಷದಲ್ಲಿ 2-10 ಆಗುವುದು ಹೇಗೆ? ಜನ ಸಾಮಾನ್ಯವಾಗಿ ಹೇಳುವುದು ಮನಸ್ಸು ಮುರಿದ ಕಥೆ. ನವೆಂಬರಿನಲ್ಲಿ ಟ್ರ್ಯಾವಿಸ್ ಕಾಲು ಮುರಿದುಕೊಂಡ, ಅದನ್ನೇ ನೆಪ ಮಾಡಿ ಆಯ್ಕೆ ಸಮಿತಿ ಇವರನ್ನು ನಾಲ್ಕು ತಂಡಗಳ ಪ್ಲೇಆಫ್‌ಗೆ ಕರೆಯಲಿಲ್ಲ, ಆರೆಂಜ್ ಬೌಲ್ ಅನ್ನುವ ಋತು ಕೊನೆಯ ಪಂದ್ಯದಲ್ಲಿ ಜಾರ್ಜಿಯಾ 63-3ರಿಂದ ಹೊಡೆಯಿತು, ಅಲ್ಲಿಗೆ ಎಲ್ಲ ಮುಗಿಯಿತು ಅಂತ. ಅನ್ಯಾಯ ಆಗಿದ್ದು ಹೌದು. ಆದರೆ ನಾನು ಬೇರೆ ಕಡೆ ಬೆರಳು ಮಾಡುತ್ತೇನೆ.

2024ರ ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವಾಗ, ಈ ತಂಡದಿಂದ ಹತ್ತು ಜನ ಆಯ್ಕೆಯಾದರು. ಆ ಹತ್ತು ಹೆಸರು ತೆಗೆದು ನೋಡಿ. ಜ್ಯಾರೆಡ್ ವರ್ಸ್ ಬಂದದ್ದು ಆಲ್ಬನಿಯಿಂದ, ಕಿಯಾನ್ ಕೋಲ್‌ಮನ್ ಮಿಷಿಗನ್ ಸ್ಟೇಟ್‌ನಿಂದ, ಬ್ರೇಡನ್ ಫಿಸ್ಕ್ ವೆಸ್ಟರ್ನ್ ಮಿಷಿಗನ್‌ನಿಂದ, ಟ್ರೇ ಬೆನ್ಸನ್ ಆರೆಗಾನ್‌ನಿಂದ. ಟ್ರ್ಯಾವಿಸ್ ಕೂಡ ಮೊದಲು ಲೂಯಿವಿಲ್‌ನಲ್ಲಿದ್ದವನೇ. ಹತ್ತರಲ್ಲಿ ಒಂಬತ್ತು ಜನ ಬೇರೆ ಕಾಲೇಜಿನಿಂದ ವರ್ಗವಾಗಿ ಬಂದವರು. ಹೈಸ್ಕೂಲಿನಿಂದ ನೇರ ಇಲ್ಲಿಗೇ ಬಂದು ಬೆಳೆದವನು ರೆನಾರ್ಡೊ ಗ್ರೀನ್ ಒಬ್ಬನೇ. ಮೊದಲೆಲ್ಲ ಕಾಲೇಜು ಬದಲಿಸಿದ ಆಟಗಾರ ಒಂದು ವರ್ಷ ಹೊರಗೆ ಕೂರಬೇಕಿತ್ತು. 2021ರಿಂದ ಮೊದಲ ಸಲ ಬದಲಿಸಿದವನು ಕೂರದೆ ಆಡಬಹುದು ಎಂದಾಯಿತು. ಅದೇ ವರ್ಷ ಆಟಗಾರರು ತಮ್ಮ ಹೆಸರಿನಿಂದ ಸಂಪಾದಿಸಲೂ ಅವಕಾಶ ಬಂತು. 2025ರ ಜುಲೈಯಿಂದ ಕಾಲೇಜುಗಳೇ ನೇರವಾಗಿ ದುಡ್ಡು ಕೊಡುತ್ತಿವೆ, ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಮಿತಿಯಲ್ಲಿ. ಈ ಹೊಸ ಸಂತೆಯಲ್ಲಿ ಮೊದಮೊದಲು ಚೆನ್ನಾಗಿ ವ್ಯಾಪಾರ ಮಾಡಿದವರಲ್ಲಿ ನಾರ್ವೆಲ್ ಒಬ್ಬರು.

ನಮ್ಮ ಕಡೆ ಅಡಿಕೆ ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹಳೆ ಮರ ಫಲ ಕೊಡುತ್ತಿರುವಾಗಲೇ ನಡುನಡುವೆ ಸಸಿ ಹಾಕುತ್ತಾ ಬರಬೇಕು. ಮರ ಒಣಗಿದ ಮೇಲೆ ಸಸಿ ಹುಡುಕಿಕೊಂಡು ಹೋದರೆ ಐದಾರು ವರ್ಷ ತೋಟ ಖಾಲಿ. 2023ರ ಫಲ ನೋಡಿ ಎಲ್ಲರೂ ಮೈಮರೆತರು. ಕೆಳಗೆ ಸಸಿ ಕಮ್ಮಿ ಇತ್ತು. ಹತ್ತು ಜನ ಹೋದ ಜಾಗಕ್ಕೆ ಮತ್ತೆ ಸಂತೆಯಿಂದಲೇ ತಂದರು, ಈ ಸಲ ಆಯ್ಕೆ ಕೈಕೊಟ್ಟಿತು. ಕ್ವಾರ್ಟರ್‌ಬ್ಯಾಕ್ ಡಿಜೆ ಊಯಂಗಲಲೇ ಮೊದಲು ಚೆನ್ನಾಗಿ ಆಡಲಿಲ್ಲ, ಆಮೇಲೆ ಕೈಗೆ ಪೆಟ್ಟಾಗಿ ಆಡಲಾಗಲಿಲ್ಲ.

ನಿಮ್ಮ ಮನೆಯವರ ಮಾತಿಗೆ ಬರೋಣ. ಕೋಚ್‌ನ್ನು ತೆಗೆದರೆ ಸರಿಹೋಗುತ್ತಾ? ಹೋಗಲೂಬಹುದು. ಇಂಡಿಯಾನಾ 2023ರಲ್ಲಿ 3-9 ಇತ್ತು. ಕರ್ಟ್ ಸಿಗ್ನೆಟಿ ಬಂದರು, ತಮ್ಮ ಹಳೆ ಕಾಲೇಜಿನಿಂದ ಹನ್ನೆರಡು ಹದಿಮೂರು ಹುಡುಗರನ್ನು ಜೊತೆಗೇ ಕರೆತಂದರು, 2024ರಲ್ಲಿ 11-2. ಈ ಕಥೆ ಕೇಳಿದಾಗಿಂದ ಅಮೆರಿಕದ ಪ್ರತಿ ಅಭಿಮಾನಿಗೂ ತನ್ನ ಕೋಚ್ ಬೇಡವಾಗಿದ್ದಾನೆ. ಆದರೆ ಖರ್ಚು ನೋಡಿ. ನಾರ್ವೆಲ್ ಅವರನ್ನು ಈಗ ತೆಗೆದರೆ ಒಪ್ಪಂದದ ಪ್ರಕಾರ ಕೊಡಬೇಕಾದ ಪರಿಹಾರ 5 ಕೋಟಿ ಡಾಲರಿಗೂ ಜಾಸ್ತಿ ಎಂದು ಪತ್ರಿಕೆಗಳು ಬರೆದಿವೆ. 2023ರ ಗೆಲುವಿನ ಅಮಲಿನಲ್ಲಿ, ಅಲಬಾಮಾ ಎಳೆದುಕೊಂಡೀತು ಅನ್ನುವ ಭಯದಲ್ಲಿ, ಬರೆದುಕೊಟ್ಟ ಒಪ್ಪಂದ ಅದು. ಅಷ್ಟು ದುಡ್ಡು ಆಟಗಾರರ ಮೇಲೆ ಹಾಕಿದರೆ ಎರಡು ವರ್ಷದ ತಂಡ ಆಗುತ್ತದೆ. ಟೆಕ್ಸಸ್ ಎ ಆಂಡ್ ಎಂ 2023ರಲ್ಲಿ ಜಿಂಬೊ ಫಿಷರ್ ಅವರನ್ನು ತೆಗೆಯಲು 7.5 ಕೋಟಿ ಡಾಲರಿಗೂ ಮೇಲೆ ತೆರಬೇಕಾಯಿತು. ಅವರಿಗೆ ಅದು ಕೊನೆಗೆ ಒಳ್ಳೆಯದೇ ಆಯಿತು ಅನ್ನಿ. ಅವರ ಹತ್ತಿರ ಪೆಟ್ರೋಲ್ ದುಡ್ಡಿದೆ. ಟ್ಯಾಲಹ್ಯಾಸಿಯಲ್ಲಿ ಇಲ್ಲ. ಮೇಲಾಗಿ ಈ ಅಕ್ಟೋಬರಿನಲ್ಲಿ ಪೆನ್ ಸ್ಟೇಟ್, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್), ಫ್ಲಾರಿಡಾ ಮೂರೂ ಕೋಚ್‌ಗಳನ್ನು ಕಳಿಸಿದವು. ಒಂದೇ ಜಾತ್ರೆಯಲ್ಲಿ ಇಷ್ಟು ಸಾಹುಕಾರರು ಎತ್ತು ಕೊಳ್ಳಲು ನಿಂತಾಗ ಬೆಲೆ ಏರುತ್ತದೆ, ಒಳ್ಳೆ ಎತ್ತು ಸಿಗುವುದೂ ಕಷ್ಟ. ನಾರ್ವೆಲ್ 2026ರಲ್ಲೂ ಇರುತ್ತಾರೆ ಎಂದು ಯೂನಿವರ್ಸಿಟಿ ನವೆಂಬರಿನಲ್ಲೇ ಹೇಳಿತು. ಅದರ ಹಿಂದೆ ನಂಬಿಕೆಗಿಂತ ಲೆಕ್ಕಾಚಾರ ಜಾಸ್ತಿ ಅಂತ ನನ್ನ ಅನುಮಾನ.

ಕೋಚ್‌ನ್ನು ಉಳಿಸಿ ಸಹಾಯಕರನ್ನು ಬದಲಿಸುವುದು ಇನ್ನೊಂದು ದಾರಿ. ಮಿಷಿಗನ್ 2020ರಲ್ಲಿ 2-4 ಆಗಿತ್ತು. ಜಿಮ್ ಹಾರ್ಬಾ ಸಂಬಳ ಕಡಿಮೆ ಮಾಡಿಕೊಂಡು ಉಳಿದರು, ರಕ್ಷಣೆಗೆ ಹೊಸಬರನ್ನು ತಂದರು, ಮರುವರ್ಷ 12-2. ಆದರೆ ಫ್ಲಾರಿಡಾ ಸ್ಟೇಟ್ ಈ ಔಷಧಿಯನ್ನು ಆಗಲೇ ಒಂದು ಸಲ ಕುಡಿದಿದೆ. 2024ರ ನಂತರ ಆಕ್ರಮಣಕ್ಕೆ ಗಸ್ ಮಾಲ್‌ಜಾನ್, ರಕ್ಷಣೆಗೆ ಟೋನಿ ವೈಟ್ ಬಂದರು. ಎರಡರಿಂದ ಐದಕ್ಕೆ ಏರಿದ್ದು ಅದರಿಂದಲೇ. ಅದೇ ಔಷಧಿ ಎರಡನೇ ಸಲ ಅಷ್ಟು ಕೆಲಸ ಮಾಡುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಹೀಗೇ ಒಂದು ಕೆಟ್ಟ ವರ್ಷ ಬಂತು. ಊರೆಲ್ಲ ಕ್ವಾರ್ಟರ್‌ಬ್ಯಾಕ್ ಹುಡುಗನನ್ನು ಬೈಯುತ್ತಿತ್ತು. ಹತ್ತು ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ ಕೈಕೊಟ್ಟ ಆಟಗಳ ವಿಡಿಯೊಗಳನ್ನೆಲ್ಲ ಕತ್ತರಿಸಿ ಒಟ್ಟಿಗೆ ನೋಡಿದೆವು. ಮುಕ್ಕಾಲು ಪಾಲು ಆಟದಲ್ಲಿ ಬಲಗಡೆ ಲೈನಿನ ಇಬ್ಬರು ಸೋತ ಮೇಲೆ ಅವನಿಗೆ ಎಸೆಯಲು ಸಮಯವೇ ಇರಲಿಲ್ಲ. ಆದರೂ ಮೇಲಿನವರು ಹೊಸ ಕ್ವಾರ್ಟರ್‌ಬ್ಯಾಕ್‌ನ್ನೇ ದುಬಾರಿಗೆ ತಂದರು, ಯಾಕೆಂದರೆ ಪೇಪರಿನಲ್ಲಿ ಅದು ಸುದ್ದಿಯಾಗುತ್ತದೆ. ಮರುವರ್ಷ ಅವನೂ ಅಂಗಾತ ಬಿದ್ದ.

ಹಾಗಾಗಿ ಈ ಜನವರಿಯಲ್ಲಿ ವರ್ಗಾವಣೆಯ ಬಾಗಿಲು ತೆರೆದಾಗ ಮಗ ಕ್ವಾರ್ಟರ್‌ಬ್ಯಾಕ್ ಹೆಸರು ಹೇಳಿ ಕುಣಿದರೆ ನೀವು ಒಂದೇ ಪ್ರಶ್ನೆ ಕೇಳಿ, "ಲೈನಿಗೆ ಯಾರು ಬಂದರು? ಅದಕ್ಕಿಂತ ಮುಖ್ಯ, ಯಾರು ಉಳಿದರು?" ಮೊದಲ ಎರಡು ವರ್ಷದ ಹುಡುಗರು ಗುಂಪುಗುಂಪಾಗಿ ಹೊರಟರೆ ಒಳಗೆ ಏನೋ ಸರಿಯಿಲ್ಲ ಅಂತಲೇ ಅರ್ಥ. ಅವರು ಉಳಿದರೆ, ಹೊರಗಿನಿಂದ ಬರುವವರು ಖಾಲಿ ಜಾಗಕ್ಕೆ ಮಾತ್ರ ಬಂದರೆ, ನಾನು ನನ್ನ ಅಭಿಪ್ರಾಯ ಬದಲಿಸಲು ತಯಾರಿದ್ದೇನೆ.

ಟಿಕೆಟ್ ವಿಷಯ. ಸೀಸನ್ ಟಿಕೆಟ್ ಅಂದರೆ ಸ್ವಂತ ಊರಿನ ಪಂದ್ಯಗಳು ಮಾತ್ರ, ಅಂದರೆ ಈ ತಂಡ ಚೆನ್ನಾಗಿ ಆಡುವ ಪಂದ್ಯಗಳು. ಮಜಾ ಬೇಕು, ಮಗನ ಜೊತೆ ನಾಲ್ಕು ಶನಿವಾರ ಕಳೆಯಬೇಕು ಅನ್ನೋದಾದರೆ ತೆಗೆದುಕೊಳ್ಳಿ, ದುಡ್ಡು ನೀರಿಗೆ ಹೋಗುವುದಿಲ್ಲ. ಗೆಲ್ಲುವ ತಂಡ ಅಂತ ನಂಬಿ ತೆಗೆದುಕೊಳ್ಳುವುದಾದರೆ ಬೇಡ. ಐದು ಗೆದ್ದು ಏಳು ಸೋತ ತಂಡದ ಬಿಡಿ ಟಿಕೆಟ್ ಸಾಮಾನ್ಯವಾಗಿ ಪಂದ್ಯದ ವಾರ ಅಗ್ಗಕ್ಕೇ ಸಿಗುತ್ತದೆ. ದೊಡ್ಡ ಎದುರಾಳಿ ಬಂದಾಗ ಮಾತ್ರ ಸ್ವಲ್ಪ ಕಷ್ಟ. ಜಾಕ್ಸನ್‌ವಿಲ್‌ನಿಂದ ಎರಡೂವರೆ ಗಂಟೆ ದಾರಿ, ಏಳು ಶನಿವಾರವೂ ಹೋಗುತ್ತೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಏನೇ ಮಾಡಿದರೂ ಮುಂದಿನ ಋತುವಿನ ಮೊದಲ ಹೊರಗಿನ ಪಂದ್ಯದ ದಿನ ಮಗನನ್ನು ಮನೆಗೆ ಕರೆಸಿ ಟಿವಿ ಮುಂದೆ ಪಕ್ಕದಲ್ಲೇ ಕೂರಿಸಿಕೊಳ್ಳಿ. ಮುಂದಿನ ಸಾಲಿನ ಐವರು ಮುಂಚೆಯೇ ಅಲ್ಲಾಡಿ ಎಷ್ಟು ಸಲ ಐದೈದು ಯಾರ್ಡ್ ದಂಡ ಕಟ್ಟಿದರು ಅಂತ ಒಂದು ಚೀಟಿಯಲ್ಲಿ ಗೆರೆ ಹಾಕುತ್ತಾ ಹೋಗಿ. ಅರ್ಧ ಆಟದೊಳಗೆ ನಾಲ್ಕು ಗೆರೆ ಬಿದ್ದರೆ ನನಗೆ ಬರೆಯುವುದೇನೂ ಬೇಡ. ಒಂದೂ ಬೀಳದಿದ್ದರೆ, ಗೆಲ್ಲಲಿ ಸೋಲಲಿ, ದಯವಿಟ್ಟು ಬರೆಯಿರಿ.